ಫ್ರೀಬಿಎಸ್‌ಡಿಯಲ್ಲಿ ತಂತ್ರಾಂಶ ಕಂಪೈಲ್ ಮಾಡುವುದು: ಲಿನಕ್ಸ್ ಬಲ್ಲವರಿಗೆ

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮುದ್ರಣಾಲಯ ನಡೆಸುವ ಹಿರಿಯರೊಬ್ಬರು, ತಮ್ಮ ಹಳೆಯ ಕಂಪ್ಯೂಟರಿನಲ್ಲಿ ಉಳಿದಿದ್ದ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ನೂರಾರು ಕಡತಗಳನ್ನು ಯೂನಿಕೋಡ್‌ಗೆ ಬದಲಾಯಿಸಿಕೊಡುವಂತೆ ಕಳೆದ ಮಳೆಗಾಲದಲ್ಲಿ ಕೇಳಿದರು. ಅಂತಹ ಕೆಲಸಕ್ಕೆಂದೇ ಪರಿಚಯದ ವಿದ್ಯಾರ್ಥಿಯೊಬ್ಬ ಸಿ ಭಾಷೆಯಲ್ಲಿ ಬರೆದ ಸಣ್ಣ ಪರಿವರ್ತಕವೊಂದು ನನ್ನ ಬಳಿ ಇತ್ತು. ಅವನು ಅದನ್ನು ಬರೆದದ್ದು ಲಿನಕ್ಸ್‌ನಲ್ಲಿ. ನನ್ನ ಮೇಜಿನ ಮೇಲಿದ್ದದ್ದು ಎಸ್.ಪಿ. ರಸ್ತೆಯಲ್ಲಿ ಕೊಂಡ ಹಳೆಯ ಲ್ಯಾಪ್‌ಟಾಪು, ಮತ್ತು ಅದರಲ್ಲಿ ಹೊಸದಾಗಿ ಹಾಕಿಕೊಂಡಿದ್ದ, ಲಿನಕ್ಸ್‌ನಂತೆಯೇ ಒಂದು ಆಪರೇಟಿಂಗ್ ಸಿಸ್ಟಮ್ ಆದ ಫ್ರೀಬಿಎಸ್‌ಡಿ. ಅವನ ಯಂತ್ರದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಕಂಪೈಲ್ ಆಗುತ್ತಿದ್ದ, ಅಂದರೆ ಸೋರ್ಸ್ ಕೋಡ್‌ನಿಂದ ಓಡಬಲ್ಲ ಪ್ರೋಗ್ರಾಂ ಆಗುತ್ತಿದ್ದ ಆ ತಂತ್ರಾಂಶ ನನ್ನಲ್ಲಿ ಮೂರು ಸಂಜೆಗಳನ್ನು ತೆಗೆದುಕೊಂಡಿತು. ಫೋನ್ ಮಾಡಿ ಕೇಳಿದರೆ, "ಸರ್, ನಮ್ಮಲ್ಲಿ ಸರಿಯಾಗಿಯೇ ಆಗ್ತಿದೆಯಲ್ಲ" ಎಂದ. ಅವನು ಹೇಳಿದ್ದು ನಿಜವೇ ಆಗಿತ್ತು.

ಪ್ರತಿಯೊಂದು ತಂತ್ರಾಂಶದ ಒಳಗೂ ಅದನ್ನು ಬರೆದವರು ಬಾಯಿಬಿಟ್ಟು ಹೇಳದೆ ನಂಬಿಕೊಂಡಿರುವ ಸಂಗತಿಗಳು ಕೆಲವಿರುತ್ತವೆ: ಕಮಾಂಡ್‌ಗಳನ್ನು ಓದಿ ನಡೆಸುವ ಶೆಲ್ ಇಂಥ ಜಾಗದಲ್ಲಿದೆ, ಕಂಪೈಲ್ ಕೆಲಸವನ್ನು ಹಂತ ಹಂತವಾಗಿ ನಡೆಸುವ ಮೇಕ್ ಎಂದರೆ ಇಂಥ ಮೇಕ್, ಲೈಬ್ರರಿಯಲ್ಲಿರುವ ಹೆಸರುಗಳನ್ನು ಕಂಪೈಲರ್‌ಗೆ ತಿಳಿಸುವ ಹೆಡರ್ ಕಡತಗಳು ಇಂಥ ಡೈರೆಕ್ಟರಿಯಲ್ಲಿ ಸಿಗುತ್ತವೆ ಎಂಬಂಥವು. ಪರಿಚಯವಿಲ್ಲದ ವ್ಯವಸ್ಥೆಯಲ್ಲಿ ಕಂಪೈಲ್ ಮಾಡಲು ಕಲಿಯುವುದೆಂದರೆ, ದೋಷ ಸಂದೇಶ ಬಂದಾಗ ಅದರ ಹಿಂದೆ ಇರುವ ಆ ನಂಬಿಕೆ ಯಾವುದೆಂದು ಪತ್ತೆಹಚ್ಚಲು ಕಲಿಯುವುದು. ಆ ಪರಿವರ್ತಕವನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ತಪ್ಪುಗಳು ನನಗೆ ಎದುರಾದ ಕ್ರಮದಲ್ಲಿಯೇ ಇಲ್ಲಿ ವಿವರಿಸುತ್ತೇನೆ. ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು, ದೊಡ್ಡ ಅಕ್ಷರ ಬೇಕಾದ ಕಡೆ ಹಾಗೆಂದು ಹೇಳಿದ್ದೇನೆ.

ಮೊದಲು ವ್ಯವಸ್ಥೆಯನ್ನು ಅರಿಯುವುದು

ಲಿನಕ್ಸ್ ಎಂಬುದು ಮೂಲತಃ ಕರ್ನಲ್ ಮಾತ್ರ, ಅಂದರೆ ಯಂತ್ರವನ್ನು ನೇರವಾಗಿ ನಿಭಾಯಿಸುವ ತಿರುಳು. ಸಿ ಲೈಬ್ರರಿ, ಶೆಲ್, ಕಂಪೈಲರ್ ಮೊದಲಾದವನ್ನು ಬೇರೆ ಬೇರೆ ಕಡೆಗಳಿಂದ ತಂದು ಜೋಡಿಸಿ ಉಬುಂಟು, ಡೆಬಿಯನ್, ಫೆಡೋರಾದಂತಹ ವಿತರಣೆಗಳನ್ನು ರೂಪಿಸುತ್ತಾರೆ. ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್ ಪರಂಪರೆಯಿಂದ 1993ರಲ್ಲಿ ಹುಟ್ಟಿದ ಫ್ರೀಬಿಎಸ್‌ಡಿಯ ಕ್ರಮ ಬೇರೆ. ಅಲ್ಲಿ ಕರ್ನಲ್, ಸಿ ಲೈಬ್ರರಿ, ಶೆಲ್, ಮೇಕ್, ಸೆಡ್ ಎಲ್ಲವೂ ಒಂದೇ ಸೋರ್ಸ್ ಮರದಲ್ಲಿ ಒಟ್ಟಿಗೆ ಬೆಳೆಯುತ್ತವೆ. ಇದನ್ನು ಬೇಸ್ ಸಿಸ್ಟಮ್ ಎನ್ನುತ್ತಾರೆ. ಹೊರಗಿನಿಂದ ತಂದು ಹಾಕಿಕೊಳ್ಳುವ ಪ್ರತಿಯೊಂದು ತಂತ್ರಾಂಶವೂ /ಯುಎಸ್‌ಆರ್/ಲೋಕಲ್ ಎಂಬ ಡೈರೆಕ್ಟರಿಯ ಕೆಳಗೆ ಹೋಗುತ್ತದೆ. ಮುಂದೆ ಬರುವ ತೊಂದರೆಗಳಲ್ಲಿ ಅರ್ಧದಷ್ಟಕ್ಕೆ ಬೇಸ್ ಸಿಸ್ಟಮ್‌ಗೂ ಹೊರಗಿನ ತಂತ್ರಾಂಶಗಳಿಗೂ ನಡುವಿನ ಈ ಒಂದು ಗೆರೆಯೇ ಕಾರಣ; ಆದ್ದರಿಂದ ಕಂಪೈಲ್ ಮಾಡುವ ಮೊದಲು 'ಮ್ಯಾನ್ ಹಿಯರ್' ಎಂಬ ಕಮಾಂಡ್ ಕೊಟ್ಟು, ಯಾವ ಡೈರೆಕ್ಟರಿ ಯಾವುದಕ್ಕೆ ಎಂದು ವಿವರಿಸುವ ಆ ಪುಟವನ್ನು ಪೂರ್ತಿ ಓದಬೇಕು. ಹಿಯರ್ ಎಂಬುದನ್ನು ಎಚ್-ಐ-ಇ-ಆರ್ ಎಂದು ಬರೆಯಬೇಕು. ಬಿಎಸ್‌ಡಿ ಕುಟುಂಬದವರು ಮ್ಯಾನ್ ಪುಟಗಳನ್ನು ಶ್ರದ್ಧೆಯಿಂದ ಬರೆಯುತ್ತಾರೆ, ಮತ್ತು ಅವು ನಿಮ್ಮ ಯಂತ್ರದಲ್ಲಿರುವ ಆವೃತ್ತಿಗೇ ಹೊಂದಿಕೊಂಡಿರುತ್ತವೆ. ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವ ಉತ್ತರಗಳಲ್ಲಿ ಬಹುಪಾಲು ಲಿನಕ್ಸ್‌ಗೆ ಸಂಬಂಧಿಸಿದವು.

ಹಳೆಯ ಯಂತ್ರ ಇಲ್ಲದವರು ವರ್ಚುವಲ್‌ಬಾಕ್ಸ್ ಅಥವಾ ಕೆಮುವಿನಲ್ಲಿ ಫ್ರೀಬಿಎಸ್‌ಡಿ ಹಾಕಿಕೊಂಡರೂ ಆದೀತು. ಕಲಿಯುವ ಹಂತದಲ್ಲಿ ಅದೇ ಒಳ್ಳೆಯದು, ಏಕೆಂದರೆ ಕೆಲಸ ಕೆಡುವ ಮೊದಲಿನ ಸ್ಥಿತಿಯನ್ನು ಉಳಿಸಿಟ್ಟುಕೊಂಡು ಹಿಂತಿರುಗಬಹುದು.

ಕಂಪೈಲರ್ ಅನ್ನು ಪ್ರತ್ಯೇಕವಾಗಿ ಹಾಕಿಕೊಳ್ಳಬೇಕಾಗಿಲ್ಲ. 2014ರಲ್ಲಿ ಬಂದ 10ನೆಯ ಆವೃತ್ತಿಯಿಂದ ಕ್ಲ್ಯಾಂಗ್ ಬೇಸ್ ಸಿಸ್ಟಮ್‌ನ ಕಂಪೈಲರ್ ಆಗಿದೆ; ಅದರ ಹೆಸರು 'ಸಿಸಿ'. ಅದು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು, ಉತ್ತರ ಮೊದಲೇ ಗೊತ್ತಿರುವ ಪುಟ್ಟ ಪ್ರೋಗ್ರಾಂ ಒಂದನ್ನು ಬರೆಯಬೇಕು. ನಾನು ಸದಾ "ನಮಸ್ಕಾರ" ಎಂಬ ಪದವನ್ನು ಪುಟ್ಸ್ ಮೂಲಕ ಮುದ್ರಿಸುವ ನಾಲ್ಕು ಸಾಲಿನ ಸಿ ಕಡತವನ್ನು ಬಳಸುತ್ತೇನೆ. ಅದನ್ನು ಸಿಸಿ ಮೂಲಕ ಕಂಪೈಲ್ ಮಾಡಿ, ಹುಟ್ಟಿದ 'ಎ.ಔಟ್' ಅನ್ನು ಓಡಿಸಿ, ಅದರ ಔಟ್‌ಪುಟ್ ಅನ್ನು 'ಡಬ್ಲ್ಯುಸಿ -ಸಿ' ಎಂಬುದಕ್ಕೆ ಪೈಪ್ ಮಾಡಿದರೆ 22 ಎಂದು ಬರಬೇಕು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ನಮಸ್ಕಾರದಲ್ಲಿ ನ, ಮ, ಸ, ಹಲಂತದ ಗುರುತು, ಕ, ಆಕಾರದ ದೀರ್ಘ, ರ ಎಂದು 7 ಸಂಕೇತಗಳು. ಒಟ್ಟು 21, ಸಾಲಿನ ಕೊನೆಗೆ ಇನ್ನೊಂದು. ಈ ಸಂಖ್ಯೆ ಬಂದರೆ ಕಂಪೈಲರ್, ಕಂಪೈಲ್ ಆದ ತುಣುಕುಗಳನ್ನು ಲೈಬ್ರರಿಯೊಂದಿಗೆ ಜೋಡಿಸುವ ಲಿಂಕರ್, ಸಿ ಲೈಬ್ರರಿ ಮೂರೂ ಸರಿಯಾಗಿವೆ, ನಿಮ್ಮ ಎಡಿಟರ್ ಕಡತವನ್ನು ಯುಟಿಎಫ್-8ರಲ್ಲಿಯೇ ಉಳಿಸಿದೆ ಎಂದು ಧೈರ್ಯವಾಗಿ ಮುಂದುವರಿಯಬಹುದು.

ಕಣ್ಣೆದುರಿಗಿದ್ದರೂ ಕಾಣದ ಕಡತ

ಪರಿವರ್ತಕದ ಜೊತೆ 'ಬಿಲ್ಡ್.ಎಸ್‌ಎಚ್' ಎಂಬ ಸ್ಕ್ರಿಪ್ಟ್ ಇತ್ತು. ಓಡಿಸಿದೊಡನೆ 'ನಾಟ್ ಫೌಂಡ್' ಎಂಬ ಉತ್ತರ ಬಂತು. 'ಎಲ್‌ಎಸ್' ಕೊಟ್ಟರೆ ಕಡತ ಕಣ್ಣೆದುರಿಗೇ ಇದೆ, ಓಡಿಸುವ ಅನುಮತಿಯೂ ಇದೆ. ಹೊಸಬರು ಇಲ್ಲಿಯೇ ಬಹಳ ಹೊತ್ತು ಕಳೆಯುತ್ತಾರೆ. ಕಾಣದಿರುವುದು ಸ್ಕ್ರಿಪ್ಟ್ ಅಲ್ಲ, ಅದರ ಮೊದಲ ಸಾಲಿನಲ್ಲಿ ಹೆಸರಿಸಿರುವ ಶೆಲ್. ಆ ಸಾಲಿನಲ್ಲಿ /ಬಿನ್/ಬ್ಯಾಶ್ ಎಂದು ಬರೆದಿತ್ತು. ಫ್ರೀಬಿಎಸ್‌ಡಿಯ ಬೇಸ್ ಸಿಸ್ಟಮ್‌ನಲ್ಲಿ ಬ್ಯಾಶ್ ಇಲ್ಲ. ಪ್ಯಾಕೇಜ್ ಆಗಿ ಹಾಕಿಕೊಂಡರೂ ಅದು /ಯುಎಸ್‌ಆರ್/ಲೋಕಲ್/ಬಿನ್ ಎಂಬಲ್ಲಿಗೆ ಹೋಗುತ್ತದೆ. ಮೊದಲ ಸಾಲನ್ನು /ಯುಎಸ್‌ಆರ್/ಬಿನ್/ಎನ್ವ್ ಬ್ಯಾಶ್ ಎಂದು ಬದಲಾಯಿಸಿದರೆ ಎರಡೂ ವ್ಯವಸ್ಥೆಗಳಲ್ಲಿ ನಡೆಯುತ್ತದೆ. ಸ್ಕ್ರಿಪ್ಟ್‌ನಲ್ಲಿ ಬ್ಯಾಶ್‌ಗೇ ವಿಶೇಷವಾದ ಸಂಗತಿಗಳು ಏನೂ ಇಲ್ಲದಿದ್ದರೆ /ಬಿನ್/ಎಸ್‌ಎಚ್ ಎಂದು ಬರೆಯುವುದು ಇನ್ನೂ ಮೇಲು.

ಇಂತಹ ಸ್ಕ್ರಿಪ್ಟ್‌ಗಳಲ್ಲಿ ಇನ್ನೆರಡು ಕಡೆ ಎಡವುವ ಸಂಭವ ಹೆಚ್ಚು. ಪಠ್ಯವನ್ನು ಸೂತ್ರದಿಂದ ತಿದ್ದುವ ಕಮಾಂಡ್ ಸೆಡ್. ಲಿನಕ್ಸ್‌ನ ಸೆಡ್‌ಗೆ '-ಐ' ಎಂದಷ್ಟೇ ಕೊಟ್ಟರೆ ಕಡತವನ್ನು ಅಲ್ಲಿಯೇ ತಿದ್ದುತ್ತದೆ. ಫ್ರೀಬಿಎಸ್‌ಡಿಯ ಸೆಡ್ ಅದರ ಮುಂದೆ ಬ್ಯಾಕಪ್ ಪ್ರತಿಯ ವಿಸ್ತರಣೆಯನ್ನು ಕೇಳುತ್ತದೆ, ಬ್ಯಾಕಪ್ ಬೇಡವೆಂದರೆ ಖಾಲಿ ಉದ್ಧರಣ ಚಿಹ್ನೆಗಳ ಜೋಡಿಯನ್ನಾದರೂ ಕೊಡಬೇಕು. ಹಾಗೆ ಕೊಡದಿದ್ದರೆ ಅದು ನಿಮ್ಮ ತಿದ್ದುಪಡಿಯ ಸೂತ್ರವನ್ನೇ ವಿಸ್ತರಣೆಯೆಂದು ತಿಳಿದುಕೊಳ್ಳುತ್ತದೆ. 'ಇನ್‌ಸ್ಟಾಲ್' ಕಮಾಂಡ್‌ನ ದೊಡ್ಡ 'ಡಿ' ಆಯ್ಕೆಯೂ ಹೀಗೆಯೇ: ಲಿನಕ್ಸ್‌ನಲ್ಲಿ ಅದು ಬೇಕಾದ ಡೈರೆಕ್ಟರಿಗಳನ್ನು ತಾನೇ ಸೃಷ್ಟಿಸುತ್ತದೆ, ಇಲ್ಲಿ ಅದರ ಅರ್ಥವೇ ಬೇರೆ. ಒಂದೇ ಹೆಸರಿನ ಕಮಾಂಡ್ ಎರಡು ಕಡೆ ಎರಡು ಬಗೆಯಾಗಿ ನಡೆದುಕೊಳ್ಳುವ ಈ ತೊಂದರೆ, ಕಮಾಂಡ್ ಇಲ್ಲವೇ ಇಲ್ಲದಿರುವುದಕ್ಕಿಂತ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅನುಭವ.

ಎರಡು ಮೇಕ್‌ಗಳು

ಮುಂದೆ 'ಮೇಕ್' ಎಂದು ಕೊಟ್ಟಾಗ, ಮೇಕ್‌ಗೆ ಬೇಕಾದ ಸೂಚನೆಗಳಿರುವ ಮೇಕ್‌ಫೈಲ್‌ನ ಸಾಲು ಸಂಖ್ಯೆಯೊಂದಿಗೆ 'ಮಿಸ್ಸಿಂಗ್ ಡಿಪೆಂಡೆನ್ಸಿ ಆಪರೇಟರ್' ಎಂಬ ಸಂದೇಶ ಬಂತು. ಆ ಸಾಲಿನಲ್ಲಿ 'ಇಫ್‌ಈಕ್ಯೂ' ಎಂಬ ಷರತ್ತು ಇತ್ತು. ಅದು ಲಿನಕ್ಸ್‌ನಲ್ಲಿ ಬಳಸುವ ಗ್ನು ಮೇಕ್‌ನ ಭಾಷೆ. ಬಿಎಸ್‌ಡಿ ಮೇಕ್‌ನಲ್ಲಿ ಷರತ್ತುಗಳು ಚುಕ್ಕೆಯಿಂದ ಆರಂಭವಾಗುತ್ತವೆ. ಮೇಕ್‌ಫೈಲ್ ಅನ್ನು ತಿದ್ದುವ ಗೋಜಿಗೆ ಹೋಗದೆ 'ಜಿಮೇಕ್' ಎಂಬ ಪ್ಯಾಕೇಜ್ ಹಾಕಿಕೊಂಡು, ಮೇಕ್ ಎನ್ನುವ ಕಡೆಯಲ್ಲೆಲ್ಲ ಜಿಮೇಕ್ ಎಂದು ಕೊಟ್ಟರೆ ಮುಗಿಯಿತು.

ಜಿಮೇಕ್ ಕೊಟ್ಟಾಗ 'ಜಿಸಿಸಿ ನಾಟ್ ಫೌಂಡ್' ಎಂದು ನಿಂತಿತು, ಏಕೆಂದರೆ ಮೇಕ್‌ಫೈಲ್‌ನಲ್ಲಿ ಕಂಪೈಲರ್‌ನ ಹೆಸರನ್ನು ಜಿಸಿಸಿ ಎಂದು ನೇರವಾಗಿ ಬರೆದಿತ್ತು. ಇದಕ್ಕಾಗಿ ಜಿಸಿಸಿ ಹಾಕಿಕೊಳ್ಳುವುದು ಅನವಶ್ಯಕ; 'ಜಿಮೇಕ್ ಸಿಸಿ=ಸಿಸಿ' ಎಂದು, ಎಡಗಡೆಯದನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಕೊಟ್ಟರೆ ಸಾಕು. ಹೀಗೆ ಕಮಾಂಡ್ ಸಾಲಿನಲ್ಲಿ ಕೊಟ್ಟ ಬೆಲೆ ಮೇಕ್‌ಫೈಲ್‌ನ ಒಳಗಿನ ಬೆಲೆಯನ್ನು ಮೀರುತ್ತದೆ, ಆದರೆ ಪರಿಸರದ ಚರವಾಗಿ ಕೊಟ್ಟದ್ದು ಮೀರುವುದಿಲ್ಲ. ಇದರಲ್ಲಿ ಒಂದು ಎಚ್ಚರ ಬೇಕು. ಸಿಫ್ಲ್ಯಾಗ್ಸ್ ಎಂಬ (ದೊಡ್ಡ ಅಕ್ಷರಗಳಲ್ಲಿ ಬರೆಯುವ) ಚರಕ್ಕೆ ಮೇಕ್‌ಫೈಲ್ ತಾನೇ ಹಲವು ಆಯ್ಕೆಗಳನ್ನು ಸೇರಿಸುತ್ತಿದ್ದರೆ, ಕಮಾಂಡ್ ಸಾಲಿನಲ್ಲಿ ನೀವು ಕೊಟ್ಟ ಬೆಲೆ ಅವೆಲ್ಲವನ್ನೂ ಅಳಿಸಿಹಾಕುತ್ತದೆ, ಆಮೇಲೆ ಸಂಬಂಧವೇ ಇಲ್ಲದಂತೆ ಕಾಣುವ ಹೊಸ ತಪ್ಪುಗಳು ಹುಟ್ಟಿಕೊಳ್ಳುತ್ತವೆ.

ಲಿನಕ್ಸ್ ಯಂತ್ರದಿಂದ ಡೈರೆಕ್ಟರಿಯನ್ನು ಇಡಿಯಾಗಿ ನಕಲು ಮಾಡಿ ತಂದಿದ್ದರೆ, ಅದರೊಳಗೆ ಲಿನಕ್ಸ್‌ಗಾಗಿ ಕಂಪೈಲ್ ಆದ ಹಳೆಯ ಆಬ್ಜೆಕ್ಟ್ ಕಡತಗಳು ಉಳಿದಿರುತ್ತವೆ. ಮೇಕ್ ಅವನ್ನು ಕಂಡು ಕೆಲಸ ಆಗಿದೆಯೆಂದು ತಿಳಿಯುತ್ತದೆ. ಆದ್ದರಿಂದ ಮೊದಲು 'ಜಿಮೇಕ್ ಕ್ಲೀನ್' ಕೊಡುವುದನ್ನು ಮರೆಯಬಾರದು.

ಹೆಡರ್ ಮತ್ತು ಲೈಬ್ರರಿ

ಈಗ ಕಂಪೈಲರ್ ನಿಜವಾಗಿ ಕೆಲಸ ಆರಂಭಿಸಿತು, ಮತ್ತು ಪರದೆಯ ತುಂಬ ದೋಷಗಳು ಸುರಿದವು. ಇಲ್ಲಿ ಒಂದು ಶಿಸ್ತು ಬೇಕು: ಕೊನೆಯ ದೋಷವನ್ನಲ್ಲ, ಮೊದಲ ದೋಷವನ್ನು ಓದಬೇಕು. ಒಂದು ಹೆಡರ್ ಸಿಗದಿದ್ದರೆ ಅದರಲ್ಲಿದ್ದ ಹೆಸರುಗಳನ್ನು ಬಳಸಿದ ಪ್ರತಿಯೊಂದು ಸಾಲೂ ತಪ್ಪಾಗಿ ತೋರಬಹುದು. ಸಮಾನಾಂತರವಾಗಿ ಕಂಪೈಲ್ ಮಾಡುವ '-ಜೆ' ಆಯ್ಕೆಯನ್ನು ಕೊಟ್ಟಿದ್ದರೆ ಸಂದೇಶಗಳು ಒಂದರೊಳಗೊಂದು ಬೆರೆತಿರುತ್ತವೆ. ಅದನ್ನು ಬಿಟ್ಟು ಮತ್ತೊಮ್ಮೆ ಓಡಿಸಬೇಕು. ಔಟ್‌ಪುಟ್ ಅನ್ನು ಕಡತಕ್ಕೆ ಉಳಿಸಿಕೊಳ್ಳಲು 'ಸ್ಕ್ರಿಪ್ಟ್ ದಾಖಲೆ.ಲಾಗ್ ಜಿಮೇಕ್' ಎಂಬ ಮಾದರಿಯಲ್ಲಿ ಸ್ಕ್ರಿಪ್ಟ್ ಕಮಾಂಡ್ ಬಳಸುವುದು ಸುಲಭ. 14ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ರೂಟ್ ಬಳಕೆದಾರನ ಶೆಲ್ ಸಿಎಸ್‌ಎಚ್ ಆಗಿರುತ್ತಿತ್ತು, ಅಲ್ಲಿ ಲಿನಕ್ಸ್‌ನಲ್ಲಿ ರೂಢಿಯಾದ '2>&1' ನಡೆಯುವುದಿಲ್ಲ. ಹೇಗಿದ್ದರೂ ರೂಟ್ ಆಗಿ ಕಂಪೈಲ್ ಮಾಡಬಾರದು. ಸಾಮಾನ್ಯ ಬಳಕೆದಾರನಾಗಿಯೇ ಮಾಡಬೇಕು.

ಮೊದಲ ದೋಷ 'ಮ್ಯಾಲಾಕ್.ಎಚ್' ಎಂಬ ಹೆಡರ್‌ನದು. ಅದರ ಬದಲಿಗೆ 'ಎಸ್‌ಟಿಡಿಲಿಬ್.ಎಚ್' ಬಳಸಿ ಎಂದು ಫ್ರೀಬಿಎಸ್‌ಡಿಯೇ ಸಂದೇಶದಲ್ಲಿ ಹೇಳುತ್ತದೆ. ಸಿ ಭಾಷೆಯ ಮಾನಕದ ಪ್ರಕಾರ ಮ್ಯಾಲಾಕ್ ಇರುವುದು ಅಲ್ಲಿಯೇ. ಒಂದು ಸಾಲಿನ ತಿದ್ದುಪಡಿ, ಲಿನಕ್ಸ್‌ನಲ್ಲಿಯೂ ಅದು ಸರಿ.

ಎರಡನೆಯದು 'ಪಿಸಿಆರ್‌ಇ2.ಎಚ್ ಫೈಲ್ ನಾಟ್ ಫೌಂಡ್'. ಪರಿವರ್ತಕವು ಅಕ್ಷರ ಜೋಡಣೆಯ ನಿಯಮಗಳಿಗಾಗಿ ಪಿಸಿಆರ್‌ಇ2 ಎಂಬ ರೆಗ್ಯುಲರ್ ಎಕ್ಸ್‌ಪ್ರೆಶನ್ ಲೈಬ್ರರಿಯನ್ನು, ಅಂದರೆ ಪಠ್ಯದಲ್ಲಿ ಅಕ್ಷರಗಳ ಮಾದರಿಗಳನ್ನು ಹುಡುಕುವ ಲೈಬ್ರರಿಯನ್ನು, ಬಳಸುತ್ತಿತ್ತು. ನಾನು 'ಪಿಕೆಜಿ ಇನ್‌ಸ್ಟಾಲ್ ಪಿಸಿಆರ್‌ಇ2' ಎಂದು ಅದನ್ನು ಹಾಕಿಕೊಂಡಿದ್ದೆ. ಡೆಬಿಯನ್, ಉಬುಂಟುಗಳಲ್ಲಿ ಹೆಡರ್‌ಗಳಿಗಾಗಿ ಹೆಸರಿನ ಕೊನೆಗೆ 'ಡೆವ್' ಎಂದಿರುವ ಇನ್ನೊಂದು ಪ್ಯಾಕೇಜ್ ಬೇಕಾಗುತ್ತದೆ. ಫ್ರೀಬಿಎಸ್‌ಡಿಯಲ್ಲಿ ಸಾಮಾನ್ಯವಾಗಿ ಹೆಡರ್‌ಗಳು ಅದೇ ಪ್ಯಾಕೇಜ್‌ನಲ್ಲಿಯೇ ಬರುತ್ತವೆ. ಹುಡುಕಿದರೆ ಹೆಡರ್ /ಯುಎಸ್‌ಆರ್/ಲೋಕಲ್/ಇನ್‌ಕ್ಲೂಡ್ ಎಂಬಲ್ಲಿ ಇದ್ದೇ ಇತ್ತು. ಕಂಪೈಲರ್‌ಗೆ ಮಾತ್ರ ಕಾಣುತ್ತಿರಲಿಲ್ಲ.

ಕಾರಣ ಆರಂಭದಲ್ಲಿ ಹೇಳಿದ ಗೆರೆ. ಬೇಸ್ ಸಿಸ್ಟಮ್‌ನ ಕಂಪೈಲರ್ ಬೇಸ್ ಸಿಸ್ಟಮ್‌ನ ಹೆಡರ್‌ಗಳಿರುವ /ಯುಎಸ್‌ಆರ್/ಇನ್‌ಕ್ಲೂಡ್ ಅನ್ನು ಮಾತ್ರ ನೋಡುತ್ತದೆ, ಗೆರೆಯಾಚೆಗಿನ /ಯುಎಸ್‌ಆರ್/ಲೋಕಲ್ ಅನ್ನು ತಾನಾಗಿ ನೋಡುವುದಿಲ್ಲ. ಲಿನಕ್ಸ್‌ನಲ್ಲಿ ವಿತರಣೆಯ ಪ್ಯಾಕೇಜ್‌ಗಳ ಹೆಡರ್‌ಗಳೂ /ಯುಎಸ್‌ಆರ್/ಇನ್‌ಕ್ಲೂಡ್‌ಗೇ ಬರುವುದರಿಂದ ಅಲ್ಲಿನವರಿಗೆ ಈ ಪ್ರಶ್ನೆ ಹುಟ್ಟುವುದೇ ಅಪರೂಪ. ನಾವೇ ದಾರಿ ತೋರಿಸಬೇಕು: ಕಂಪೈಲರ್‌ಗೆ '-ಐ' ಎಂಬ ದೊಡ್ಡ ಅಕ್ಷರದ ಆಯ್ಕೆಯ ಜೊತೆ /ಯುಎಸ್‌ಆರ್/ಲೋಕಲ್/ಇನ್‌ಕ್ಲೂಡ್.

ಅದನ್ನು ಕೊಟ್ಟೆ, ಕಂಪೈಲ್ ಆಯಿತು, ಲಿಂಕರ್ ನಿಂತಿತು. '-ಎಲ್‌ಪಿಸಿಆರ್‌ಇ2-8' ಎಂಬ ಲೈಬ್ರರಿಯನ್ನು ಹುಡುಕಲಾಗಲಿಲ್ಲ ಎಂಬ ಸಂದೇಶ. ಹೆಡರ್ ಮತ್ತು ಲೈಬ್ರರಿಗಳನ್ನು ಎರಡು ಬೇರೆ ಹಂತಗಳಲ್ಲಿ, ಎರಡು ಬೇರೆ ತಂತ್ರಾಂಶಗಳು ಹುಡುಕುತ್ತವೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆ; ಅದು ಮನಸ್ಸಿಗೆ ನಾಟಿದ್ದು ಆ ಸಂಜೆ. ಲಿಂಕರ್‌ಗೂ ದೊಡ್ಡ 'ಎಲ್' ಆಯ್ಕೆಯ ಜೊತೆ /ಯುಎಸ್‌ಆರ್/ಲೋಕಲ್/ಲಿಬ್ ಎಂದು ಕೊಡಬೇಕು.

ಈ ಎರಡನ್ನೂ ಮೇಕ್‌ಫೈಲ್‌ನಲ್ಲಿ ಕೈಯಿಂದ ಬರೆದುಬಿಡುವುದು ಒಂದು ದಾರಿ, ಆದರೆ ಒಳ್ಳೆಯ ದಾರಿಯಲ್ಲ; ನಾಳೆ ಅದು ಇನ್ನೊಂದು ವ್ಯವಸ್ಥೆಯಲ್ಲಿ ತಪ್ಪಾಗುತ್ತದೆ. 'ಪಿಕೆಜಿಕಾನ್ಫ್' ಎಂಬ ಪ್ಯಾಕೇಜ್ ಹಾಕಿಕೊಂಡು, 'ಪಿಕೆಜಿ-ಕಾನ್ಫಿಗ್ --ಸಿಫ್ಲ್ಯಾಗ್ಸ್ --ಲಿಬ್ಸ್ ಲಿಬ್‌ಪಿಸಿಆರ್‌ಇ2-8' ಎಂದು ಕೇಳಿದರೆ ಆ ಯಂತ್ರಕ್ಕೆ ತಕ್ಕ ಆಯ್ಕೆಗಳನ್ನು ಅದೇ ಹೇಳುತ್ತದೆ. ಮೇಕ್‌ಫೈಲ್‌ನಲ್ಲಿ ಆ ಉತ್ತರವನ್ನೇ ಬಳಸುವಂತೆ ಮಾಡಿದೆ; ಈಗ ಅದೇ ಮೇಕ್‌ಫೈಲ್ ವಿದ್ಯಾರ್ಥಿಯ ಲಿನಕ್ಸ್‌ನಲ್ಲಿಯೂ ನನ್ನ ಫ್ರೀಬಿಎಸ್‌ಡಿಯಲ್ಲಿಯೂ ನಡೆಯುತ್ತದೆ.

ಕಂಪೈಲ್ ಮಾಡುವ ಮೊದಲು ಯಂತ್ರವನ್ನು ಪರೀಕ್ಷಿಸಿ ನೋಡುವ ಕಾನ್ಫಿಗರ್ ಸ್ಕ್ರಿಪ್ಟ್ ಇರುವ ತಂತ್ರಾಂಶಗಳಿಗೆ ಇದೇ ಸಂಗತಿಯನ್ನು ಸಿಪಿಪಿಫ್ಲ್ಯಾಗ್ಸ್ ಮತ್ತು ಎಲ್‌ಡಿಫ್ಲ್ಯಾಗ್ಸ್ ಎಂಬ (ದೊಡ್ಡ ಅಕ್ಷರಗಳಲ್ಲಿ ಬರೆಯುವ) ಚರಗಳ ಮೂಲಕ ತಿಳಿಸಬೇಕು. ಕಾನ್ಫಿಗರ್ ಯಾವುದೋ ಲೈಬ್ರರಿ ಇಲ್ಲವೆಂದು ನಿಂತರೆ ಪರದೆಯ ಮೇಲಿನ ಒಂದು ಸಾಲನ್ನು ನಂಬಿ ಕೂರಬಾರದು. ಅದು 'ಕಾನ್ಫಿಗ್.ಲಾಗ್' ಎಂಬ ಕಡತದಲ್ಲಿ, ತಾನು ಪರೀಕ್ಷೆಗೆಂದು ಬರೆದ ಪುಟ್ಟ ಸಿ ಪ್ರೋಗ್ರಾಂ ಯಾವುದು, ಅದನ್ನು ಯಾವ ಆಯ್ಕೆಗಳೊಂದಿಗೆ ಕಂಪೈಲ್ ಮಾಡಿತು, ಕಂಪೈಲರ್ ಏನೆಂದಿತು ಎಂಬುದೆಲ್ಲವನ್ನೂ ದಾಖಲಿಸಿರುತ್ತದೆ. ಎಷ್ಟೋ ಸಲ ಲೈಬ್ರರಿ ಇದ್ದೇ ಇರುತ್ತದೆ, ಪರೀಕ್ಷೆಯ ಪ್ರೋಗ್ರಾಂ ಬೇರೆ ಯಾವುದೋ ಕಾರಣಕ್ಕೆ ಸೋತಿರುತ್ತದೆ. ಸಿಮೇಕ್ ಬಳಸುವ ತಂತ್ರಾಂಶಗಳಲ್ಲಿ ಈ ಕಷ್ಟ ಕಡಿಮೆ. ಅದು /ಯುಎಸ್‌ಆರ್/ಲೋಕಲ್ ಅನ್ನು ತಾನಾಗಿಯೇ ನೋಡುತ್ತದೆ.

ಕಂಪೈಲ್ ಆದ ಮೇಲೆ

ಒಂದೂ ದೋಷವಿಲ್ಲದೆ ಕಂಪೈಲ್ ಆದ ಪರಿವರ್ತಕ, ಓಡಿಸಿದೊಡನೆ ಅಕ್ಷರಗಳ ಪಟ್ಟಿ ಸಿಗಲಿಲ್ಲವೆಂದು ನಿಂತಿತು. ಪಟ್ಟಿಯ ಕಡತ ಪ್ರೋಗ್ರಾಂ ಇರುವ ಡೈರೆಕ್ಟರಿಯಲ್ಲಿಯೇ ಇತ್ತು. ಎಲ್ಲಿ ಹುಡುಕುತ್ತಿದೆ ಎಂದು ತಿಳಿಯಲು 'ಟ್ರಸ್' ಎಂಬ ಕಮಾಂಡ್‌ನ ಮೂಲಕ ಅದನ್ನು ಓಡಿಸಿದೆ; ಲಿನಕ್ಸ್‌ನ ಎಸ್‌ಟ್ರೇಸ್ ಮಾಡುವ ಕೆಲಸವನ್ನು ಇಲ್ಲಿ ಟ್ರಸ್ ಮಾಡುತ್ತದೆ. ಪ್ರೋಗ್ರಾಂ ತಾನು ಎಲ್ಲಿದ್ದೇನೆಂದು ತಿಳಿಯಲು /ಪ್ರಾಕ್/ಸೆಲ್ಫ್/ಎಕ್ಸ್‌ಇ ಎಂಬುದನ್ನು ಓದಲು ಹೋಗುತ್ತಿತ್ತು. ಫ್ರೀಬಿಎಸ್‌ಡಿಯಲ್ಲಿ /ಪ್ರಾಕ್ ಮೊದಲಿನಿಂದ ಮೌಂಟ್ ಆಗಿರುವುದಿಲ್ಲ.

ಕಂಪೈಲರ್ ಇದನ್ನು ಹಿಡಿಯಲಾರದು, ಅದಕ್ಕೆ ಆ ಹೆಸರು ಬರೀ ಒಂದು ಅಕ್ಷರಮಾಲೆ. ಇಂತಹವನ್ನು ಮೊದಲೇ ಪತ್ತೆಹಚ್ಚಲು, ಸೋರ್ಸ್ ಕೋಡ್‌ನಲ್ಲಿ ಪ್ರಾಕ್, ಲಿನಕ್ಸ್, ಈಪೋಲ್ ಎಂಬ ಪದಗಳನ್ನು ಗ್ರೆಪ್ ಮಾಡಿ ನೋಡುವ ಅಭ್ಯಾಸವನ್ನು ನಾನು ಆಮೇಲೆ ಮಾಡಿಕೊಂಡೆ. ಹಲವು ಸಂಪರ್ಕಗಳ ಮೇಲೆ ಒಟ್ಟಿಗೆ ಕಣ್ಣಿಡುವ ಈಪೋಲ್ ಲಿನಕ್ಸ್‌ಗೆ ಸೇರಿದ್ದು, ಬಿಎಸ್‌ಡಿಗಳಲ್ಲಿ ಅದೇ ಕೆಲಸಕ್ಕೆ ಕೆಕ್ಯೂ ಇದೆ. ಪ್ರೋಗ್ರಾಂ ಇರುವ ಜಾಗವನ್ನು ತಿಳಿಯಲು ಫ್ರೀಬಿಎಸ್‌ಡಿಯಲ್ಲಿ ಸಿಸ್‌ಕಂಟ್ರೋಲ್ ಮೂಲಕ ಕೇಳುವ ವಿಧಾನವಿದೆ. ಅದನ್ನು ಬಳಸಿ, ವ್ಯವಸ್ಥೆಗೊಂದು ಷರತ್ತು ಹಾಕಿ ಬರೆಯಬಹುದಿತ್ತು. ನಾನು ಹಾಗೆ ಮಾಡಲಿಲ್ಲ. ಪಟ್ಟಿ ಎಲ್ಲಿದೆ ಎಂಬುದನ್ನು ಕಂಪೈಲ್ ಮಾಡುವಾಗಲೇ ಮೇಕ್‌ಫೈಲ್‌ನಿಂದ ಪ್ರೋಗ್ರಾಂಗೆ ತಿಳಿಸುವಂತೆ ಬದಲಾಯಿಸಿದೆ. ಆಗ ಯಾವ ವ್ಯವಸ್ಥೆಯ ಹೆಸರೂ ಸೋರ್ಸ್‌ನಲ್ಲಿ ಉಳಿಯುವುದಿಲ್ಲ. ಎರಡು ವ್ಯವಸ್ಥೆಗಳಿಗೆ ಎರಡು ದಾರಿ ಬರೆಯುವ ಮೊದಲು, ಇಬ್ಬರಿಗೂ ನಡೆಯುವ ಒಂದು ದಾರಿ ಇದೆಯೇ ಎಂದು ನೋಡುವುದು ಯಾವಾಗಲೂ ಲಾಭದಾಯಕ.

ತಂತ್ರಾಂಶವನ್ನು ಇನ್‌ಸ್ಟಾಲ್ ಮಾಡುವಾಗ /ಯುಎಸ್‌ಆರ್/ಲೋಕಲ್‌ಗೆ ನೇರವಾಗಿ ಹಾಕದಿರುವುದು ಕ್ಷೇಮ. ಅಲ್ಲಿನ ಕಡತಗಳ ಲೆಕ್ಕವನ್ನು ಪಿಕೆಜಿ ಇಟ್ಟಿರುತ್ತದೆ, ನಾವು ಹಾಕಿದ್ದು ಅದಕ್ಕೆ ತಿಳಿಯುವುದಿಲ್ಲ. ಪ್ರಿಫಿಕ್ಸ್ ಎಂಬ ಚರದ ಮೂಲಕ ನಿಮ್ಮ ಹೋಮ್ ಡೈರೆಕ್ಟರಿಯೊಳಗಿನ ಜಾಗವೊಂದನ್ನು ಕೊಡಿ.

ಕಂಪೈಲ್ ಮಾಡಬೇಕಾದ ತಂತ್ರಾಂಶ ಹೆಸರುವಾಸಿಯಾದದ್ದಾದರೆ, ಇಷ್ಟೆಲ್ಲ ಹೆಣಗುವ ಮೊದಲು ಪೋರ್ಟ್ಸ್ ಮರದಲ್ಲಿ ನೋಡಬೇಕು. 1994ರಲ್ಲಿ ಜೋರ್ಡನ್ ಹಬ್ಬರ್ಡ್ ಆರಂಭಿಸಿದ ಈ ಸಂಗ್ರಹದಲ್ಲಿ, ಪ್ರತಿಯೊಂದು ತಂತ್ರಾಂಶಕ್ಕೂ ಒಂದು ಮೇಕ್‌ಫೈಲ್ ಮತ್ತು ಬೇಕಾದರೆ 'ಫೈಲ್ಸ್' ಎಂಬ ಡೈರೆಕ್ಟರಿಯಲ್ಲಿ ತಿದ್ದುಪಡಿಯ ಪ್ಯಾಚ್‌ಗಳು ಇರುತ್ತವೆ. ಸಿದ್ಧ ಪ್ಯಾಕೇಜ್ ಹಾಕಿಕೊಳ್ಳುವವರೂ ಈ ಪ್ಯಾಚ್‌ಗಳನ್ನು ತೆರೆದು ಓದಬೇಕೆಂದು ನಾನು ಒತ್ತಾಯಿಸಿ ಹೇಳುತ್ತೇನೆ. ಒಂದು ಪ್ಯಾಚ್ ಮ್ಯಾಲಾಕ್.ಎಚ್ ತೆಗೆದಿರುತ್ತದೆ, ಇನ್ನೊಂದು ಬ್ಯಾಶ್‌ನ ಜಾಗ ತಿದ್ದಿರುತ್ತದೆ. ನಿಮಗಿಂತ ಮೊದಲು ಅದೇ ದಾರಿಯಲ್ಲಿ ನಡೆದವರ ಹೆಜ್ಜೆಗಳು ಅವು. ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಕುಟುಂಬದ ಇತರ ವ್ಯವಸ್ಥೆಗಳಿಗೂ ಇದೇ ಕ್ರಮ ಸಲ್ಲುತ್ತದೆ, ವಿವರಗಳು ಮಾತ್ರ ಬದಲಾಗುತ್ತವೆ. ನೆಟ್‌ಬಿಎಸ್‌ಡಿಯಲ್ಲಿ ಹೊರಗಿನ ತಂತ್ರಾಂಶಗಳು /ಯುಎಸ್‌ಆರ್/ಪಿಕೆಜಿ ಎಂಬಲ್ಲಿಗೆ ಹೋಗುತ್ತವೆ. ಓಪನ್‌ಬಿಎಸ್‌ಡಿಯಲ್ಲಿ, ಕಾನ್ಫಿಗರ್ ಸ್ಕ್ರಿಪ್ಟ್ ಸೃಷ್ಟಿಸುವ ಆಟೋಕಾನ್ಫ್ ಓಡಿಸುವ ಮೊದಲು ಯಾವ ಆವೃತ್ತಿ ಬೇಕೆಂದು ಪರಿಸರದ ಚರದಲ್ಲಿ ಹೇಳಬೇಕು.

ಪರೀಕ್ಷೆ ಮತ್ತು ಪ್ಯಾಚ್

ಮುದ್ರಣಾಲಯದ ಕಡತಗಳನ್ನು ಮುಟ್ಟುವ ಮೊದಲು ಒಂದು ಪುಟ್ಟ ಪರೀಕ್ಷೆಯ ಕಡತ ಮಾಡಿಕೊಂಡೆ. ನುಡಿಯ ಹಳೆಯ ಸಂಕೇತ ವಿಧಾನದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ವ್ಯಂಜನದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಎಡವುವುದಾದರೆ ಇಲ್ಲಿಯೇ. ಕರ್ನಾಟಕ, ವರ್ಷ, ಸೂರ್ಯ, ಅರ್ಜಿ, ಮಾರ್ಗ ಎಂಬ ಪದಗಳಿದ್ದ ಆ ಕಡತವನ್ನು ವಿದ್ಯಾರ್ಥಿ ಲಿನಕ್ಸ್‌ನಲ್ಲಿ, ನಾನು ಫ್ರೀಬಿಎಸ್‌ಡಿಯಲ್ಲಿ ಪರಿವರ್ತಿಸಿ, ಎರಡೂ ಫಲಿತಾಂಶಗಳನ್ನು 'ಸಿಎಂಪಿ' ಕಮಾಂಡ್‌ನಿಂದ ಹೋಲಿಸಿದೆವು. ಕಡತಗಳು ಬೈಟ್‌ಗೆ ಬೈಟ್ ಒಂದೇ ಆಗಿದ್ದರೆ ಸಿಎಂಪಿ ಏನನ್ನೂ ಮುದ್ರಿಸುವುದಿಲ್ಲ. ಅದು ಏನನ್ನೂ ಮುದ್ರಿಸಲಿಲ್ಲ.

ಮಾಡಿದ ಬದಲಾವಣೆಗಳನ್ನು 'ಡಿಫ್ -ಯು' ಮೂಲಕ ಪ್ಯಾಚ್ ಆಗಿ ತೆಗೆದು ಮೂಲ ಲೇಖಕರಿಗೆ ಕಳುಹಿಸಬೇಕು. ಒಂದು ಪ್ಯಾಚ್‌ನಲ್ಲಿ ಒಂದೇ ಸಂಗತಿ ಇರಲಿ. ವ್ಯವಸ್ಥೆಯ ಆವೃತ್ತಿ, ಬಂದ ಮೊದಲ ದೋಷ ಸಂದೇಶ ಇದ್ದದ್ದು ಇದ್ದ ಹಾಗೆ, ಮತ್ತು ಲಿನಕ್ಸ್‌ನಲ್ಲಿಯೂ ಪರೀಕ್ಷಿಸಲಾಗಿದೆಯೇ ಎಂಬ ಮಾಹಿತಿಯನ್ನು ಜೊತೆಗೆ ಬರೆಯಬೇಕು. ಅವರು ಅವನ್ನು ಸೇರಿಸಿಕೊಂಡ ಮೇಲೆ ಹೊಸ ಪ್ರತಿಯನ್ನು ಖಾಲಿ ಡೈರೆಕ್ಟರಿಯೊಂದಕ್ಕೆ ಇಳಿಸಿಕೊಂಡು, ಕೈಯಿಂದ ಏನನ್ನೂ ತಿದ್ದದೆ, ಮೊದಲಿನಿಂದ ಇನ್ನೊಮ್ಮೆ ಕಂಪೈಲ್ ಮಾಡಿ ನೋಡುವುದು ಉಳಿದ ಕೆಲಸ.